ಫೋಮ್ ಹಲಗೆ, ಕ್ಯಾನ್ವಾಸ್ ಮತ್ತು ಮರದ ಅಂಟು: ಮನೆಯಲ್ಲೇ ಕಟ್ಟಿದ ಕ್ಯಾಂಪರ್ ಟ್ರೇಲರ್ ಹೇಗಿದೆ?

ಕಾರಿನ ಹಿಂದೆ ಎಳೆದುಕೊಂಡು ಹೋಗಬಹುದಾದ, ಇಬ್ಬರು ಆರಾಮವಾಗಿ ಮಲಗಬಹುದಾದ ಪುಟ್ಟ ಕ್ಯಾಂಪರ್ ಟ್ರೇಲರನ್ನು ಎರಡು ಸಾವಿರ ಡಾಲರಿನೊಳಗೆ ಸ್ವಂತ ಕೈಯಿಂದ ಕಟ್ಟಲು ಸಾಧ್ಯವೇ ಎಂದು ಅಮೆರಿಕದಲ್ಲಿರುವ ಕನ್ನಡಿಗ ಗೆಳೆಯರು ಆಗಾಗ ಕೇಳುತ್ತಾರೆ. ಸಾಧ್ಯ. ಬಡಗಿ ಕೆಲಸ ಕಲಿಯದವರಿಗೂ, ವೆಲ್ಡಿಂಗ್ ಯಂತ್ರ ಇಲ್ಲದವರಿಗೂ ಸಾಧ್ಯ. ಸ್ಯಾಕ್ರಮೆಂಟೊ ಸಮೀಪದ ನಮ್ಮ ಮನೆಯ ಗ್ಯಾರೇಜಿನಲ್ಲಿ ಅಂಥದೊಂದನ್ನು ಕಟ್ಟಿ, ಸುಬಾರು ಫಾರೆಸ್ಟರ್ ಕಾರಿಗೆ ಸಿಕ್ಕಿಸಿ, ನೆವಾಡಾ ರಾಜ್ಯವನ್ನು ಅಡ್ಡ ದಾಟಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದವರೆಗೆ ಹೋಗಿಬಂದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ವಿಮರ್ಶೆಗೆ ಒಳಪಡುವ ವಸ್ತುಗಳು ಎರಡು: ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಸಿಗುವ, ನಾವೇ ಜೋಡಿಸಿಕೊಳ್ಳಬೇಕಾದ 4×8 ಅಡಿಯ ಟ್ರೇಲರ್ ಕಿಟ್, ಮತ್ತು ಅದರ ಮೇಲೆ ಫೋಮ್ ಹಲಗೆ, ಕ್ಯಾನ್ವಾಸ್ ಬಟ್ಟೆ, ಮರದ ಅಂಟುಗಳಿಂದ ಮಲಗುವ ಗೂಡನ್ನು ಕಟ್ಟುವ ವಿಧಾನ. ಎರಡನೆಯದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲನೆಯದನ್ನು ಒಂದು ಷರತ್ತಿನ ಮೇಲೆ ಒಪ್ಪುತ್ತೇನೆ: ಹಣ ಉಳಿಸುವುದಿದ್ದರೆ ಗೂಡಿನಲ್ಲಿ ಉಳಿಸಬೇಕು, ಚಕ್ರ, ಬೇರಿಂಗ್, ದೀಪ, ಗಾಳಿ ಕಿಂಡಿಗಳಲ್ಲಿ ಒಂದು ಡಾಲರನ್ನೂ ಉಳಿಸಲು ಹೋಗಬಾರದು.

ನೀರಿನ ಹನಿಯ ಆಕಾರದ, ಟಿಯರ್‌ಡ್ರಾಪ್ ಎಂದು ಕರೆಯುವ ಹೊಸ ಟ್ರೇಲರ್‌ಗಳ ಬೆಲೆ ಇಲ್ಲಿ ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಆದರೆ ಈ ಮಾದರಿ ಬೆಳೆದದ್ದೇ ಜನಸಾಮಾನ್ಯರ ಹಿತ್ತಿಲುಗಳಲ್ಲಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಿಂದಲೂ ಹವ್ಯಾಸಿಗಳು ನಿಯತಕಾಲಿಕಗಳಲ್ಲಿ ಅಚ್ಚಾದ ನಕ್ಷೆ ನೋಡಿಕೊಂಡು ಇವನ್ನು ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಕ್ಕಿದ ಜೀಪಿನ ಚಕ್ರಗಳೂ ವಿಮಾನದ ಅಲ್ಯುಮಿನಿಯಂ ಹಾಳೆಗಳೂ ಇದೇ ಕೆಲಸಕ್ಕೆ ಬಂದವು. ಇಂದು ಆ ಅಲ್ಯುಮಿನಿಯಂನ ಜಾಗಕ್ಕೆ ಫೋಮ್ ಬಂದಿದೆ. ನಮ್ಮ ಲೆಕ್ಕದಲ್ಲಿ ಕಿಟ್ಟಿಗೆ ಸುಮಾರು 500 ಡಾಲರ್, ಫೋಮ್ ಹಲಗೆಗಳಿಗೆ 280, ಕ್ಯಾನ್ವಾಸ್, ಅಂಟು, ಬಣ್ಣ ಮೂರೂ ಸೇರಿ 215, ಪ್ಲೈವುಡ್ ಮತ್ತು ಮರದ ಪಟ್ಟಿಗಳಿಗೆ 60, ಫ್ಯಾನ್ ಇರುವ ಚಾವಣಿ ಕಿಂಡಿಗೆ 90, ಬಾಗಿಲ ಕೀಲು, ಬೀಗ, ಕಿಟಕಿಯ ಅಕ್ರಿಲಿಕ್ ಹಾಳೆಗಳಿಗೆ 150, ಹೆಚ್ಚುವರಿ ಚಕ್ರಕ್ಕೆ 60, ಬ್ಯಾಟರಿಗೆ 250, ಹಾಸಿಗೆಗೆ 120 ತಗುಲಿತು. ಒಟ್ಟು 1,725 ಡಾಲರ್. ಕಾರಿಗೆ ಹಿಚ್ (ಟ್ರೇಲರನ್ನು ಸಿಕ್ಕಿಸುವ ಕೊಂಡಿ) ಮತ್ತು ಅದರ ವೈರಿಂಗ್ ಹಾಕಿಸಲು ತಗುಲಿದ ಸುಮಾರು 350 ಡಾಲರ್ ಇದರಲ್ಲಿ ಸೇರಿಲ್ಲ. ಅಳೆಯುವ ಟೇಪು, ಡ್ರಿಲ್ಲು, ಜಿಗ್‌ಸಾ ಗರಗಸ, ಉದ್ದನೆಯ ಅಲಗಿನ ಚಾಕು, ಬಣ್ಣದ ರೋಲರ್ ಇಷ್ಟಿದ್ದರೆ ಕೆಲಸ ಸಾಗುತ್ತದೆ.

ಮೊದಲು ಕಿಟ್ಟಿನ ಮಾತು. ರಿಯಾಯಿತಿ ದರದ ಉಪಕರಣದ ಅಂಗಡಿಯೊಂದರಿಂದ ತಂದ ಇದು ಎರಡು ಭಾರವಾದ ಪೆಟ್ಟಿಗೆಗಳಲ್ಲಿ ಬಂತು. ಜೋಡಿಸಿದಾಗ ಚೌಕಟ್ಟಿನ ತೂಕ ಸುಮಾರು 250 ಪೌಂಡ್, ಹೊರುವ ಸಾಮರ್ಥ್ಯ ಸುಮಾರು 1,700 ಪೌಂಡ್, ಚಕ್ರಗಳು 12 ಇಂಚಿನವು. ಇದಕ್ಕಿಂತ ಅಗ್ಗವಾದ, 8 ಇಂಚಿನ ಚಕ್ರದ ಕಿಟ್‌ಗಳೂ ಸಿಗುತ್ತವೆ. ಹಿತ್ತಿಲಿನ ಕಸ ಸಾಗಿಸಲು ಅವು ಸಾಕು, ಆದರೆ ನೂರಾರು ಮೈಲಿ ಹೆದ್ದಾರಿಯ ಪ್ರಯಾಣಕ್ಕೆ ಅವನ್ನು ಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಚೌಕಟ್ಟಿನ ಉಕ್ಕು ಗಟ್ಟಿಯಾಗಿದೆ, ರಂಧ್ರಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ, ಚಿತ್ರಗಳಿರುವ ಕೈಪಿಡಿ ಅರ್ಥವಾಗುವಂತಿದೆ. ನಟ್ಟು ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಹಾಕಿ, ನೆಲದ ಮೇಲೆ ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆದು, ಅವು ಸಮವಾದ ಮೇಲಷ್ಟೇ ಬಿಗಿಯಬೇಕು. ಈ ಒಂದು ಅಳತೆ ತಪ್ಪಿದರೆ ಆಮೇಲೆ ಕಟ್ಟುವ ಗೂಡೂ ಓರೆಯಾಗುತ್ತದೆ, ಟ್ರೇಲರ್ ರಸ್ತೆಯಲ್ಲಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಅರ್ಧಕ್ಕೆ ಮಡಚಿ ಗೋಡೆಗೆ ಒರಗಿಸಿಡಲು ಅನುಕೂಲವಾಗುವ ಕೀಲು ಈ ಕಿಟ್ಟಿನ ವಿಶೇಷವೆಂದು ಪ್ರಚಾರ ಮಾಡುತ್ತಾರೆ. ಮೇಲೆ ಗೂಡು ಕೂರಿಸಿದ ಮೇಲೆ ಅದರಿಂದ ಪ್ರಯೋಜನವಿಲ್ಲ, ಆ ಜಾಗವನ್ನು ಬೋಲ್ಟು ಹಾಕಿ ಭದ್ರಪಡಿಸಿಕೊಳ್ಳುವುದು ಒಳ್ಳೆಯದು.

ಕಿಟ್ಟಿನ ನಿಜವಾದ ದೌರ್ಬಲ್ಯ ಇರುವುದು ಕಣ್ಣಿಗೆ ಕಾಣದ ಕಡೆ, ಚಕ್ರದ ಗುಂಬದೊಳಗೆ (ಹಬ್). ನಮಗೆ ಬಂದ ಕಿಟ್ಟಿನಲ್ಲಿ ಬೇರಿಂಗ್‌ಗಳಿಗೆ ಸವರಿದ್ದ ಗ್ರೀಸು ಬೆರಳಿಗೆ ಹತ್ತುವಷ್ಟೂ ಇರಲಿಲ್ಲ. ಅದನ್ನು ಪೂರ್ತಿ ಒರೆಸಿ ತೆಗೆದು, ದೋಣಿಯ ಟ್ರೇಲರ್‌ಗಳಿಗೆ ಬಳಸುವ, ನೀರಿಗೆ ತೊಳೆದುಹೋಗದ ಗ್ರೀಸನ್ನು ಪ್ರತಿ ರೋಲರಿನ ಸುತ್ತಲೂ ಅಂಗೈಯಿಂದ ಒತ್ತಿ ತುಂಬಿದೆವು. ಇದನ್ನು ಐಚ್ಛಿಕ ಕೆಲಸವೆಂದು ಯಾರೂ ತಿಳಿಯಬಾರದು. ಫಾರೆಸ್ಟರ್ ಕಾರಿನ ಚಕ್ರ ಟೈರು ಸೇರಿ ಸುಮಾರು 27 ಇಂಚು ಎತ್ತರವಿದ್ದರೆ ಟ್ರೇಲರಿನದು 21 ಇಂಚನ್ನೂ ಮುಟ್ಟುವುದಿಲ್ಲ. ಹಾಗಾಗಿ ಅದೇ ದಾರಿಗೆ ಅದು ಕಾಲು ಭಾಗಕ್ಕೂ ಮಿಕ್ಕಿ ಹೆಚ್ಚು ಸುತ್ತು ತಿರುಗಬೇಕು, ಬೇರಿಂಗ್ ಹೆಚ್ಚು ಬಿಸಿಯಾಗುತ್ತದೆ. ಪ್ರಯಾಣದಲ್ಲಿ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇಳಿದು ಎರಡೂ ಗುಂಬಗಳ ಮೇಲೆ ಕೈಯಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಕೈ ಇಟ್ಟುಕೊಳ್ಳುವಷ್ಟು ಬೆಚ್ಚಗಿದ್ದರೆ ಸರಿ. ತಟ್ಟನೆ ಕೈ ತೆಗೆಯುವಷ್ಟು ಸುಟ್ಟರೆ, ಅಥವಾ ಒಂದಕ್ಕಿಂತ ಇನ್ನೊಂದು ಬಹಳ ಬಿಸಿಯಾಗಿದ್ದರೆ, ಅಲ್ಲಿಂದ ಮುಂದೆ ಹೋಗಬಾರದು.

ವೈರಿಂಗ್ ಎರಡನೆಯ ದೌರ್ಬಲ್ಯ. ಸಣ್ಣ ಟ್ರೇಲರ್‌ಗಳಿಗೆ ಅಮೆರಿಕದಲ್ಲಿ ನಾಲ್ಕು ತಂತಿಗಳ ಚಪ್ಪಟೆ ಪ್ಲಗ್ ರೂಢಿಯಲ್ಲಿದೆ: ಬಿಳಿಯದು ಅರ್ಥಿಂಗ್ (ವಿದ್ಯುತ್ ಹಿಂದಿರುಗುವ ದಾರಿ), ಕಂದು ಹಿಂಬದಿಯ ದೀಪಕ್ಕೆ, ಹಳದಿ ಎಡ ತಿರುವು ಮತ್ತು ಬ್ರೇಕಿಗೆ, ಹಸಿರು ಬಲ ತಿರುವು ಮತ್ತು ಬ್ರೇಕಿಗೆ. ಕಿಟ್ಟಿನ ದೀಪಗಳು ಅರ್ಥಿಂಗಿಗಾಗಿ ಚೌಕಟ್ಟಿನ ಉಕ್ಕನ್ನೇ ನಂಬಿಕೊಂಡಿರುತ್ತವೆ, ಆದರೆ ಆ ಉಕ್ಕಿನ ಮೇಲೆ ದಪ್ಪನೆಯ ಬಣ್ಣದ ಲೇಪವಿರುತ್ತದೆ. ಬಣ್ಣದ ಮೂಲಕ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ದೀಪ ಒಮ್ಮೆ ಉರಿಯುತ್ತದೆ, ಒಮ್ಮೆ ಮಂಕಾಗುತ್ತದೆ, ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ಎರಡೂ ಮಿನುಗುತ್ತವೆ. ತಂತಿ ಕೂಡುವಲ್ಲಿ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆದರೆ ತೊಂದರೆ ಅರ್ಧ ಮುಗಿಯುತ್ತದೆ. ಪ್ರತಿ ದೀಪದಿಂದ ಪ್ಲಗ್‌ವರೆಗೆ ಪ್ರತ್ಯೇಕ ಬಿಳಿ ತಂತಿಯನ್ನೇ ಎಳೆದರೆ ಪೂರ್ತಿ ಮುಗಿಯುತ್ತದೆ. ನಾವು ಎರಡನೆಯದನ್ನೇ ಮಾಡಿದೆವು. ಕತ್ತಲಾದ ಮೇಲೆ ಹಿಂದಿನಿಂದ ಬರುವ ದೊಡ್ಡ ಲಾರಿಯ ಚಾಲಕನಿಗೆ ನಿಮ್ಮ ಇರವು ತಿಳಿಯುವುದು ಈ ಎರಡು ದೀಪಗಳಿಂದ ಮಾತ್ರ.

ಸ್ಪ್ರಿಂಗಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕರಿಗಿಂತ ಬೇರೆ. 1,700 ಪೌಂಡ್ ಹೊರಲೆಂದು ಮಾಡಿದ ಪಟ್ಟಿ ಸ್ಪ್ರಿಂಗುಗಳು ಅದರ ಅರ್ಧ ಭಾರಕ್ಕೆ ಅಷ್ಟಾಗಿ ಬಾಗುವುದಿಲ್ಲ. ಹಳ್ಳದಿಣ್ಣೆಯ ರಸ್ತೆಯಲ್ಲಿ ಟ್ರೇಲರ್ ಪುಟಿಯುತ್ತದೆ, ಒಳಗಿನ ಸಾಮಾನು ಚೆಲ್ಲಾಪಿಲ್ಲಿಯಾಗುತ್ತದೆ. ಇದಕ್ಕೆ ಸ್ಪ್ರಿಂಗಿನ ಒಂದು ಪಟ್ಟಿಯನ್ನೇ ಕಳಚಿಹಾಕುವ ಉಪಾಯವನ್ನು ಹಲವರು ಹೇಳುತ್ತಾರೆ. ಹಾಗೆ ಮಾಡಿದರೆ ಸವಾರಿ ಮೃದುವಾಗುವುದು ನಿಜ, ಆದರೆ ತಯಾರಕರು ಲೆಕ್ಕ ಹಾಕಿದ ಬಲವನ್ನು ನಾವು ಲೆಕ್ಕವಿಲ್ಲದೆ ಕಳೆದಂತಾಗುತ್ತದೆ. ಸಡಿಲವಾಗದ ಲಾಕ್ ನಟ್‌ಗಳನ್ನು ಹಾಕಿ, ಕಚ್ಚಾ ರಸ್ತೆಯಲ್ಲಿ ನಿಧಾನವಾಗಿ ಹೋಗುವುದೇ ನನಗೆ ಸರಿಯೆನಿಸಿದೆ.

ಈಗ ಗೂಡಿನ ಮಾತಿಗೆ ಬರೋಣ. ಈ ವಿಧಾನದ ಸೊಗಸು ಇರುವುದು ಇಲ್ಲಿಯೇ. ಕಟ್ಟಡಗಳ ಗೋಡೆಗೆ ಶಾಖನಿರೋಧಕವಾಗಿ ಬಳಸುವ, ಎಕ್ಸ್‌ಪಿಎಸ್ ಎಂದು ಕರೆಯುವ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಫೋಮ್ ಹಲಗೆಗಳು ಇಲ್ಲಿನ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ 4×8 ಅಡಿಯ ಅಳತೆಯಲ್ಲಿ ಸಿಗುತ್ತವೆ. ಇದು ನಮ್ಮಲ್ಲಿನ ಥರ್ಮಾಕೋಲಿನ ಸಂಬಂಧಿಯೇ, ಆದರೆ ಕಾಳುಕಾಳಾಗಿ ಉದುರುವುದಿಲ್ಲ, ನೀರು ಹೀರುವುದು ಬಹಳ ಕಡಿಮೆ, ಹೆಚ್ಚು ಗಟ್ಟಿ. 2 ಇಂಚು ದಪ್ಪದ ಒಂದು ಹಲಗೆಯ ತೂಕ ಸುಮಾರು 8 ಪೌಂಡ್. ಅದೇ ಅಳತೆಯ ಮುಕ್ಕಾಲು ಇಂಚಿನ ಪ್ಲೈವುಡ್ 60 ಪೌಂಡಿಗಿಂತ ಹೆಚ್ಚು ತೂಗುತ್ತದೆ. ನೆಲಕ್ಕೆ ಒಂದು, ಪಕ್ಕದ ಗೋಡೆಗಳಿಗೆ ಎರಡು, ಮುಂಭಾಗ, ಚಾವಣಿ, ಹಿಂಭಾಗ ಸೇರಿ ಎರಡು, ಕೂಡುಪಟ್ಟಿ ಮತ್ತು ಚೂರುಪಾರಿಗೆ ಒಂದು, ಹೀಗೆ ಆರು ಹಲಗೆಗಳಲ್ಲಿ ಗೂಡಿನ ಒಡಲು ಸಿದ್ಧವಾಗುತ್ತದೆ, ಮತ್ತು ಅವೆಲ್ಲವನ್ನೂ ಸೇರಿಸಿದರೂ ಒಂದು ಪ್ಲೈವುಡ್ ಹಾಳೆಯ ತೂಕವನ್ನು ಮೀರುವುದಿಲ್ಲ. ಸಣ್ಣ ಕಾರಿನ ಹಿಂದೆ ಕಟ್ಟುವ ಟ್ರೇಲರಿಗೆ ಇದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ. ಮೇಲಾಗಿ ಗೋಡೆಯೇ ಕಂಬಳಿಯಂತೆ ಕೆಲಸ ಮಾಡುತ್ತದೆ; ಪ್ಲೈವುಡ್ ಗೋಡೆಗೆ ಮತ್ತೆ ಬೇರೆ ನಿರೋಧಕ ಹಾಕಬೇಕಾದ ಖರ್ಚು ಇಲ್ಲಿಲ್ಲ.

ಆದರೆ ಫೋಮಿಗೆ ಎಲ್ಲ ಅಂಟುಗಳೂ ಆಗುವುದಿಲ್ಲ, ಮತ್ತು ಇದನ್ನು ತಿಳಿಯದೆ ಕೆಲಸಕ್ಕೆ ಕೈಹಾಕಿದರೆ ಹಲಗೆ ಕಣ್ಣೆದುರೇ ಕರಗಿಹೋಗುತ್ತದೆ. ದ್ರಾವಕ ಬೆರೆತ ಕಾಂಟ್ಯಾಕ್ಟ್ ಅಂಟು, ಸ್ಪ್ರೇ ಪೇಂಟ್, ಪಾಲಿಯೆಸ್ಟರ್ ರೆಸಿನ್ ಇವೆಲ್ಲ ಪಾಲಿಸ್ಟೈರೀನನ್ನು ತಿನ್ನುತ್ತವೆ. ಹಲಗೆಗೆ ಹಲಗೆ ಕೂಡಿಸಲು ಪಾಲಿಯುರೆಥೇನ್ ಅಂಟು ಬೇಕು. ಹೊರಮೈಗೆ ಕ್ಯಾನ್ವಾಸ್ ಹಚ್ಚಲು ನಮ್ಮೂರಿನ ಫೆವಿಕಾಲ್ ಜಾತಿಗೆ ಸೇರಿದ, ನೀರು ತಡೆಯುವ ಗುಣವುಳ್ಳ ಟೈಟ್‌ಬಾಂಡ್ 2 ಎಂಬ ಮರದ ಅಂಟು ಬೇಕು. ಎರಡು ಕಡೆ ಎರಡು ಅಂಟು ಏಕೆಂದರೆ, ಮರದ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರು ಆರಿಹೋದಾಗ. ಎರಡು ಫೋಮ್ ಹಲಗೆಗಳ ನಡುವೆ ಸಿಕ್ಕಿಕೊಂಡ ನೀರಿಗೆ ಹೊರಹೋಗಲು ದಾರಿಯಿಲ್ಲ. ವಾರ ಕಳೆದರೂ ಅದು ಹಸಿಯಾಗಿಯೇ ಉಳಿಯುತ್ತದೆ. ಪಾಲಿಯುರೆಥೇನ್ ಅಂಟು ಅದಕ್ಕೆ ತದ್ವಿರುದ್ಧ: ಕೂಡುವ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಆ ತೇವವನ್ನೇ ಬಳಸಿಕೊಂಡು ನೊರೆಯಾಗಿ ಉಬ್ಬಿ ಗಟ್ಟಿಯಾಗುತ್ತದೆ. ಕ್ಯಾನ್ವಾಸಿನ ಅಡಿಯಲ್ಲಿ ಮಾತ್ರ ಮರದ ಅಂಟು ಸರಿಯಾಗಿ ಕೆಲಸ ಮಾಡುತ್ತದೆ, ಏಕೆಂದರೆ ಬಟ್ಟೆಯ ಎಳೆಗಳ ಮೂಲಕ ನೀರು ಹೊರಗೆ ಆರುತ್ತದೆ. ಈ ಒಂದು ಕಾರಣ ಮನಸ್ಸಿನಲ್ಲಿದ್ದರೆ ಎಲ್ಲಿ ಯಾವ ಡಬ್ಬಿ ತೆರೆಯಬೇಕೆಂಬ ಗೊಂದಲ ಎಂದೂ ಬರುವುದಿಲ್ಲ.

ಕ್ಯಾನ್ವಾಸ್ ಹಚ್ಚುವ ಕೆಲಸಕ್ಕೆ ಇಬ್ಬರು ಬೇಕು. ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ಒರಟು ಹತ್ತಿಯ ಬಟ್ಟೆಯೇ ಇದಕ್ಕೆ ಸಾಕು. ಪ್ಲಾಸ್ಟಿಕ್ ಲೇಪವಿಲ್ಲದ್ದನ್ನು ನೋಡಿ ತರಬೇಕು. ಮೊದಲು ಫೋಮಿನ ನಯವಾದ ಮೈಯನ್ನು ಒರಟು ಉಪ್ಪುಕಾಗದದಿಂದ ಉಜ್ಜಿ, ದೂಳನ್ನು ಪೂರ್ತಿ ಒರೆಸಿ, ತುಸು ನೀರು ಬೆರೆಸಿದ ಅಂಟನ್ನು ರೋಲರಿನಿಂದ ದಪ್ಪವಾಗಿ ಬಳಿಯುತ್ತೇವೆ. ನನ್ನ ಪತ್ನಿ ಬಟ್ಟೆಯ ಒಂದು ಅಂಚು ಹಿಡಿದು ಬಿಗಿಯಾಗಿ ಎಳೆಯುತ್ತಿದ್ದರೆ, ನಾನು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಹೋಗುತ್ತಿದ್ದೆ. ಅಂಟು ಬಟ್ಟೆಯ ಎಳೆಗಳ ನಡುವಿನಿಂದ ಮೇಲಕ್ಕೆ ಜಿನುಗಿ ಬೆರಳ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಜಿನುಗದ ಜಾಗ ಬೆಳ್ಳಗೆ ಒಣಗಿದಂತೆ ಕಾಣುತ್ತದೆ, ಅಲ್ಲಿ ಬಟ್ಟೆ ಎತ್ತಿ ಮತ್ತೆ ಅಂಟು ಬಳಿಯಬೇಕು. ಕೊನೆಗೆ ಮೇಲಿನಿಂದ ನೀರು ಚಿಮುಕಿಸಿದರೆ, ಆರುವಾಗ ಹತ್ತಿ ಕುಗ್ಗಿ, ಸಣ್ಣಪುಟ್ಟ ಸುಕ್ಕುಗಳೆಲ್ಲ ತಾವಾಗಿಯೇ ಮಾಯವಾಗುತ್ತವೆ. ಮರುದಿನ ಬೆರಳಿನಿಂದ ತಟ್ಟಿದರೆ ಟಣಟಣ ಎನ್ನುವಷ್ಟು ಬಿಗಿಯಾಗಿರುತ್ತದೆ. ಅದರ ಮೇಲೆ ಹೊರಗೋಡೆಗೆ ಬಳಿಯುವ ನೀರಿನ ಆಧಾರದ ಬಣ್ಣವನ್ನು ಮೂರು ಪದರ ಬಳಿಯಬೇಕು. ಬಿಸಿಲು ನೇರವಾಗಿ ಬಿದ್ದರೆ ಫೋಮ್ ಪುಡಿಪುಡಿಯಾಗುವುದರಿಂದ ಎಲ್ಲಿಯೂ ಒಂದು ಇಂಚನ್ನೂ ಬರಿದಾಗಿ ಬಿಡುವಂತಿಲ್ಲ. ಬೇರೆ ಗಿರಾಕಿಗಳು ಬೇಡವೆಂದು ಹಿಂದಿರುಗಿಸಿದ ಬಣ್ಣದ ಡಬ್ಬಿಗಳನ್ನು ಅಂಗಡಿಗಳು ಬಹಳ ಅಗ್ಗವಾಗಿ ಮಾರುತ್ತವೆ. ತಿಳಿಬಣ್ಣ ಸಿಕ್ಕರೆ ಬಿಡಬೇಡಿ, ಮರುಭೂಮಿಯಲ್ಲಿ ಅದು ಗೂಡನ್ನು ತಂಪಾಗಿಡುತ್ತದೆ.

ಫೋಮಿಗೆ ಸ್ಕ್ರೂ ಹಿಡಿಯುವುದಿಲ್ಲ. ಬಾಗಿಲ ಕೀಲು, ಬೀಗ, ಚಾವಣಿ ಕಿಂಡಿ, ಒಳಗಿನ ಕಪಾಟು ಎಲ್ಲೆಲ್ಲಿ ಬರುತ್ತವೆಯೋ ಅಲ್ಲೆಲ್ಲ ಮರದ ಪಟ್ಟಿಗಳನ್ನು ಫೋಮಿನೊಳಗೆ ತೋಡಿ, ಅಂಟಿಸಿ, ಅದರ ಮೇಲೆ ಕ್ಯಾನ್ವಾಸ್ ಬರುವಂತೆ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನೆಲಕ್ಕೆ ಮಾತ್ರ ಫೋಮಿನ ಅಡಿಗೆ ಅರ್ಧ ಇಂಚಿನ ಪ್ಲೈವುಡ್ ಹಾಕಿ, ಅದರ ಅಡಿಮೈಗೂ ಬಣ್ಣ ಬಳಿದು, ಚೌಕಟ್ಟಿಗೆ ಬೋಲ್ಟು ಮಾಡಿದ್ದೇವೆ. ಕಿಟಕಿಗಳು ಅಕ್ರಿಲಿಕ್ ಹಾಳೆಯವು, ನೀರು ಒಳಬಾರದಂತೆ ಅಂಚಿಗೆ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿ.

ಗಾಳಿಯ ವಿಷಯ ಮಾತ್ರ ಹೀಗೆ ಬೇಗ ಮುಗಿಸುವಂಥದ್ದಲ್ಲ. 4 ಅಡಿ ಅಗಲ, 8 ಅಡಿ ಉದ್ದ, 4 ಅಡಿ ಎತ್ತರದ ಈ ಗೂಡಿನಲ್ಲಿ ಇಬ್ಬರು ವಯಸ್ಕರು ರಾತ್ರಿಯಿಡೀ ಉಸಿರಾಡುತ್ತಾರೆ. ಫೋಮ್, ಅಂಟು, ಬಣ್ಣ ಮೂರೂ ಸೇರಿ ಗೋಡೆಯಲ್ಲಿ ಒಂದು ಸಂದಿಯೂ ಉಳಿಯುವುದಿಲ್ಲ. ಮುಚ್ಚಲು ಬಾರದಂಥ ಎರಡು ಕಿಂಡಿಗಳನ್ನು, ಒಂದು ಕೆಳಗೆ, ಒಂದು ಮೇಲೆ, ಸೊಳ್ಳೆಪರದೆ ಹಾಕಿ ಶಾಶ್ವತವಾಗಿ ಬಿಟ್ಟಿರಬೇಕೆಂಬುದು ಈ ವಿಮರ್ಶೆಯಲ್ಲಿ ನಾನು ಅತ್ಯಂತ ಒತ್ತಿ ಹೇಳುವ ಮಾತು. ಇದರ ಜೊತೆಗೆ ಚಾವಣಿಯಲ್ಲಿ 14×14 ಇಂಚಿನ ಫ್ಯಾನ್ ಕಿಂಡಿ ಇದೆ. ಇದು ಇಲ್ಲಿನ ಬಹುತೇಕ ಕ್ಯಾಂಪರ್‌ಗಳಿಗೆ ಒಂದೇ ಅಳತೆಯಾದ್ದರಿಂದ ಬದಲಿ ಸಿಗುವುದು ಸುಲಭ. ಚಳಿಯೆಂದು ಅದನ್ನು ಮುಚ್ಚಿ ಮಲಗಿದರೆ, ಬೆಳಗ್ಗೆ ಕಿಟಕಿಯ ಅಕ್ರಿಲಿಕ್ ಮೇಲೆ ಉಸಿರಿನ ಹಬೆ ಹನಿಗಟ್ಟಿ, ಗೆರೆಗೆರೆಯಾಗಿ ಇಳಿದು ಹಾಸಿಗೆಯ ಅಂಚನ್ನು ನೆನೆಸಿರುತ್ತದೆ. ಒಂದಿಂಚು ತೆರೆದಿಟ್ಟರೆ ಹಾಸಿಗೆ ಒಣಗಿಯೇ ಇರುತ್ತದೆ. ಗ್ಯಾಸ್ ಹೀಟರ್, ಒಲೆ, ಮೇಣದ ಬತ್ತಿ ಯಾವುದನ್ನೂ ಗೂಡಿನೊಳಗೆ ಹಚ್ಚಲೇಬಾರದು. ಪಾಲಿಸ್ಟೈರೀನ್ ಹೊತ್ತಿಕೊಳ್ಳುವ ವಸ್ತು, ಉರಿದಾಗ ಬರುವ ಹೊಗೆ ದಟ್ಟ ಮತ್ತು ವಿಷಕಾರಿ. ಬೆಂಕಿ ಹತ್ತದಿದ್ದರೂ ಇಷ್ಟು ಸಣ್ಣ ಜಾಗದಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ತಲೆದಿಂಬಿನ ಹತ್ತಿರವೇ ಅಂಟಿಸಿದ್ದೇವೆ. ಎರಡೂ ಪಕ್ಕಕ್ಕೆ ಬಾಗಿಲಿರುವುದು ಇಂಥ ಹೊತ್ತಿನಲ್ಲಿ ತಟ್ಟನೆ ಹೊರಬರಲೆಂದೇ. ಒಂದು ಬಾಗಿಲು ಸಾಕೆಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಸಿದ್ಧವಾದ ಟ್ರೇಲರನ್ನು ಲಾರಿಗಳ ತೂಕ ಮಾಡುವ ಕಟ್ಟೆಗೆ ಒಯ್ದು ತೂಗಿಸಿದೆವು. ಹಾಸಿಗೆ, ನೀರು, ಅಡುಗೆ ಸಾಮಾನು ಎಲ್ಲ ಸೇರಿ 800 ಪೌಂಡಿನ ಆಸುಪಾಸು ಬಂತು. ನಮ್ಮ ಫಾರೆಸ್ಟರ್ ಎಳೆಯಬಲ್ಲದ್ದು 1,500 ಪೌಂಡ್, ಆದರೆ ಬ್ರೇಕಿಲ್ಲದ ಟ್ರೇಲರಿಗೆ ಅನೇಕ ಸಣ್ಣ ಕಾರುಗಳ ಕೈಪಿಡಿಗಳು ಅದಕ್ಕಿಂತ ಬಹಳ ಕೆಳಗೇ ಗೆರೆ ಎಳೆದಿರುತ್ತವೆ. ಫೋಮ್ ಗೂಡಿನ ಹಗುರತನ ಬೆಲೆ ಬಾಳುವುದು ಇಲ್ಲಿ. ಒಟ್ಟು ತೂಕದಷ್ಟೇ ಮುಖ್ಯವಾದದ್ದು ಹಿಚ್ಚಿನ ಮೇಲೆ ಬೀಳುವ ಭಾರ. ಅದು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕು, ಅಂದರೆ ನಮ್ಮದಕ್ಕೆ 80ರಿಂದ 120 ಪೌಂಡ್. ಕಡಿಮೆಯಾದರೆ ವೇಗದಲ್ಲಿ ಟ್ರೇಲರಿನ ಹಿಂಭಾಗ ಅತ್ತಿತ್ತ ಓಲಾಡತೊಡಗುತ್ತದೆ, ಆ ಓಲಾಟ ಬೆಳೆದು ಕಾರನ್ನೇ ತಿರುಗಿಸಿಬಿಡಬಲ್ಲದು. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ, ಅದರ ಮೇಲೆ ಟ್ರೇಲರಿನ ಮೂತಿಯನ್ನು ಹಿಚ್ಚಿನ ಎತ್ತರಕ್ಕೇ ಇಟ್ಟು ನೋಡಿದರೆ ಈ ಭಾರ ತಿಳಿಯುತ್ತದೆ. ಹಿಂಭಾಗದಲ್ಲಿ ಅಡುಗೆ ಕಪಾಟು ಇಡುವ ಹಳೆಯ ಟಿಯರ್‌ಡ್ರಾಪ್ ಪದ್ಧತಿಯನ್ನು ಈ ಕಿಟ್ಟಿನ ಮೇಲೆ ಅನುಸರಿಸುವವರು ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಎರಡೂ ಚಕ್ರಗಳನ್ನು ಹೊತ್ತ ಅಚ್ಚಿನ, ಅಂದರೆ ಆಕ್ಸಲ್ಲಿನ, ಜಾಗವನ್ನು ಇಲ್ಲಿ ಸರಿಸಲು ಬರುವುದಿಲ್ಲ. ಒಂದು ಗ್ಯಾಲನ್ ನೀರು 8 ಪೌಂಡಿಗೂ ಹೆಚ್ಚು ತೂಗುತ್ತದೆ. ನೀರಿನ ಕ್ಯಾನ್, ಬ್ಯಾಟರಿ ಎರಡನ್ನೂ ಆಕ್ಸಲ್ಲಿಗಿಂತ ಮುಂದೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ.

ಪರೀಕ್ಷೆಗೆ ನಾವು ಆರಿಸಿಕೊಂಡದ್ದು 50ನೇ ಹೆದ್ದಾರಿ. ಪಶ್ಚಿಮ ಸ್ಯಾಕ್ರಮೆಂಟೊದಲ್ಲಿ ಆರಂಭವಾಗುವ ಇದು ಸಿಯೆರಾ ಪರ್ವತವನ್ನು 7,382 ಅಡಿ ಎತ್ತರದ ಎಕೋ ಸಮಿಟ್‌ನಲ್ಲಿ ದಾಟಿ, ಟಾಹೊ ಸರೋವರದ ದಂಡೆ ಹಿಡಿದು, ಮತ್ತೆ ಹತ್ತಿ ಇಳಿದು ನೆವಾಡಾದ ಬಯಲಿಗೆ ಬರುತ್ತದೆ. ಫ್ಯಾಲನ್ ಊರಿನಿಂದ ಈಲಿ ಊರಿನವರೆಗಿನ ಸುಮಾರು 260 ಮೈಲಿಯಲ್ಲಿ ನಡುವೆ ಸಿಗುವ ಊರುಗಳೆಂದರೆ ಆಸ್ಟಿನ್ ಮತ್ತು ಯುರೇಕಾ; ಫ್ಯಾಲನ್ನಿನಿಂದ ಆಸ್ಟಿನ್ನಿಗೇ 110 ಮೈಲಿ. ಇಂಥ ದಾರಿಯಲ್ಲಿ ಬೇರಿಂಗ್ ಕೆಟ್ಟರೆ ಏನಾಗುತ್ತದೆಂದು ಯೋಚಿಸಿದರೆ ಮೇಲೆ ಗ್ರೀಸಿನ ಬಗ್ಗೆ ಅಷ್ಟು ಬರೆದದ್ದೇಕೆಂದು ತಿಳಿಯುತ್ತದೆ. ಏರಿನಲ್ಲಿ ಕಾರು ಟ್ರೇಲರನ್ನು ಸಲೀಸಾಗಿ ಎಳೆಯಿತು. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿಯದೆ ಗೇರನ್ನು ತಗ್ಗಿಸಿ ಇಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಗರಿಷ್ಠ ವೇಗ. ನೆವಾಡಾದಲ್ಲಿ ರಸ್ತೆ ಹೆಚ್ಚಿನ ವೇಗಕ್ಕೆ ಅವಕಾಶ ಕೊಟ್ಟರೂ ಟ್ರೇಲರ್ ಟೈರಿನ ವೇಗಮಿತಿಯನ್ನು ನೋಡಿಕೊಂಡೇ ಓಡಿಸಬೇಕು. ಗ್ಯಾಲನ್ನಿಗೆ 30 ಮೈಲಿಯ ಹತ್ತಿರ ಕೊಡುತ್ತಿದ್ದ ಕಾರು ಟ್ರೇಲರಿನೊಂದಿಗೆ 23ರ ಸುಮಾರಿಗೆ ಇಳಿಯಿತು. ಇದಕ್ಕೆ ತೂಕಕ್ಕಿಂತ ಗಾಳಿಯ ತಡೆಯೇ ಹೆಚ್ಚು ಕಾರಣ. ಮುಂಭಾಗವನ್ನು ನೇರ ಗೋಡೆಯಾಗಿ ಬಿಡದೆ ಬಾಗಿಸಿ ಕಟ್ಟುವ ಶ್ರಮ ವ್ಯರ್ಥವಾಗುವುದಿಲ್ಲ. ಫೋಮಿನ ಒಳಮೈಗೆ ಅಲ್ಲಲ್ಲಿ ಸೀಳು ಗೆರೆ ಕೊಯ್ದರೆ ಅದು ಸುಲಭವಾಗಿ ಬಾಗುತ್ತದೆ.

ಆಸ್ಟಿನ್ನಿನ ಪೂರ್ವಕ್ಕೆ ಹಿಕಿಸನ್ ಎಂಬಲ್ಲಿ ಬಂಡೆಗಳ ಮೇಲೆ ಪ್ರಾಚೀನರು ಕೊರೆದ ಚಿತ್ರಗಳಿವೆ. ಪಕ್ಕದಲ್ಲೇ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಸರಳ ಶಿಬಿರವಿದೆ. ಅಲ್ಲಿ ಕುಡಿಯುವ ನೀರಿಲ್ಲ, ಒಯ್ದುಕೊಂಡೇ ಹೋಗಬೇಕು. ಈ ಇಲಾಖೆಯ ಬಹುತೇಕ ಬಯಲು ಭೂಮಿಯಲ್ಲಿ ಶುಲ್ಕವಿಲ್ಲದೆ, ಸಾಮಾನ್ಯವಾಗಿ 14 ದಿನಗಳವರೆಗೆ ತಂಗಲು ಅವಕಾಶವಿರುವುದು ಇಂಥ ಟ್ರೇಲರ್ ಇರುವವರಿಗೆ ದೊಡ್ಡ ಅನುಕೂಲ. ಗ್ರೇಟ್ ಬೇಸಿನ್‌ನಲ್ಲಿ ಸುಮಾರು 7,300 ಅಡಿ ಎತ್ತರದ ಕೆಳ ಲೆಹ್ಮನ್ ಕ್ರೀಕ್ ಶಿಬಿರದಲ್ಲಿ ಟ್ರೇಲರನ್ನು ಕಳಚಿಟ್ಟು, ಬರೀ ಕಾರಿನಲ್ಲಿ ವೀಲರ್ ಶಿಖರದ ಕಡೆಗಿನ 12 ಮೈಲಿಯ ಕಡಿದಾದ ರಸ್ತೆ ಹತ್ತಿದೆವು. ಕಾರನ್ನೇ ಮಲಗುವ ಮನೆ ಮಾಡಿಕೊಂಡವರಿಗೆ ಈ ಸ್ವಾತಂತ್ರ್ಯವಿಲ್ಲ. ಶಿಬಿರದ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಮೂರು ಲೀಟರಿನ ಕುಕ್ಕರ್ ಒಯ್ದಿದ್ದರಿಂದ ಬಿಸಿಬೇಳೆ ಬಾತ್ ಮನೆಯಲ್ಲಿ ಆಗುವಷ್ಟೇ ಹದವಾಗಿ ಆಯಿತು. ರಾತ್ರಿ ಹೊರಗೆ ಕೊರೆಯುವ ಚಳಿಯಿದ್ದರೂ ಎರಡಿಂಚಿನ ಫೋಮಿನೊಳಗೆ ಇಬ್ಬರ ಮೈಶಾಖವೇ ಸಾಕಾಯಿತು, ಒಂದೊಂದು ರಜಾಯಿ ಹೊದ್ದು ನೆಮ್ಮದಿಯಾಗಿ ಮಲಗಿದೆವು. ಡೇರೆಯಲ್ಲಿ ಮಲಗಿ ಬಲ್ಲವರಿಗೆ ಈ ವ್ಯತ್ಯಾಸ ಮೊದಲ ರಾತ್ರಿಯೇ ತಿಳಿಯುತ್ತದೆ.

ಕಾಗದಪತ್ರದ ಕುರಿತು ಒಂದು ಮಾತು. ಕಿಟ್ಟಿನ ಜೊತೆಗೆ ತಯಾರಕರು ಕೊಡುವ ಮೂಲ ಪ್ರಮಾಣಪತ್ರವಿಲ್ಲದೆ ಟ್ರೇಲರನ್ನು ನೋಂದಾಯಿಸಿ ನಂಬರ್ ಫಲಕ ಪಡೆಯುವುದು ತ್ರಾಸದಾಯಕ. ಅದನ್ನು ಕೊಳ್ಳುವ ದಿನವೇ ಕೇಳಿ ಪಡೆದು ಜೋಪಾನವಾಗಿಡಿ. ಕರ್ನಾಟಕದಲ್ಲಿ ಇದನ್ನೇ ಕಟ್ಟಬಯಸುವವರು ವಸ್ತು ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಕಲಂ ನಿರ್ಬಂಧಿಸುತ್ತದೆ. ಕಾರಿಗೆ ಹಿಚ್ ಹಾಕಿಸುವ ಮೊದಲು ಈ ಎರಡನ್ನೂ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಒಂದು ಮಳೆಗಾಲ ಕಳೆದ ಮೇಲೆ ಗೂಡಿನ ಸ್ಥಿತಿ ಹೇಗಿದೆಯೆಂದು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಟಾರ್ಪಾಲಿನ ಅಡಿಯಲ್ಲಿ ಹೊರಗೇ ನಿಂತಿದ್ದ ಟ್ರೇಲರಿನ ಚಾವಣಿ, ಗೋಡೆಗಳಲ್ಲಿ ಬಟ್ಟೆ ಎಲ್ಲಿಯೂ ಎದ್ದಿಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ, ಹತ್ತಿ ಇಳಿಯುವಾಗ ಶೂ ತಾಗುವ ಕಡೆ, ಬಣ್ಣ ಸವೆದು ಕ್ಯಾನ್ವಾಸಿನ ಎಳೆ ಕಾಣಿಸಿಕೊಂಡಿತ್ತು. ಅಂಗೈಯಗಲದ ಬಟ್ಟೆಯ ತೇಪೆ, ಒಂದು ಚಮಚ ಅಂಟು, ಎರಡು ಪದರ ಬಣ್ಣದಿಂದ ಅದು ಸರಿಹೋಯಿತು, ಈಗ ಆ ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಹೊಡೆದಿದ್ದೇವೆ. ಆಲಿಕಲ್ಲು ಅಥವಾ ಮರದ ಕೊಂಬೆ ಬಿದ್ದರೆ ಈ ಗೋಡೆ ತಗ್ಗು ಬೀಳುತ್ತದೆ, ಲೋಹದಷ್ಟು ತಾಳುವುದಿಲ್ಲ. ಆದರೆ ಅದೇ ತೇಪೆಯಿಂದಲೇ ಅದನ್ನೂ ಸರಿಪಡಿಸಬಹುದು. ಚಾವಣಿ ಕಿಂಡಿಯ ಸುತ್ತಲಿನ ಸೀಲನ್ನು ಪ್ರತಿ ವರ್ಷ ಮಳೆಗೆ ಮುಂಚೆ ಬಿಡಿಸಿ ಹೊಸದಾಗಿ ಹಾಕಬೇಕು, ಬೇರಿಂಗಿನ ಗ್ರೀಸನ್ನೂ ಆಗಲೇ ಬದಲಿಸಬೇಕು. ಮುಂದಿನ ಬೇಸಿಗೆಗೆ ಮೊದಲು ಕಿಟ್ಟಿನ ಜೊತೆ ಬಂದ ಎರಡೂ ಟೈರುಗಳನ್ನು ತೆಗೆದು, ಹೆಚ್ಚು ಭಾರ ತಾಳುವ ರೇಡಿಯಲ್ ಟೈರುಗಳನ್ನು ಹಾಕಿಸಲು ಹಣ ಎತ್ತಿಟ್ಟಿದ್ದೇವೆ.